ಏಳು ಎಂದು ಹೇಳಿ ಇಪ್ಪತ್ತಮೂರಾದ ಮಹಾಶಯರಿಗೆ

ಪೋರ್ಟ್ ಟ್ರೆವಿಕ್ ಬೌಲ್ಸ್ ಕ್ಲಬ್,
ಯಾರ್ಕ್ ಪರ್ಯಾಯದ್ವೀಪ, ದಕ್ಷಿಣ ಆಸ್ಟ್ರೇಲಿಯ.
ಆಗಸ್ಟ್ ತಿಂಗಳ ಕೊನೆಯ ಬುಧವಾರ

ಮಾನ್ಯ ಬೆಲೆ-ಗಳಿಕೆ ಅನುಪಾತ ಮಹಾಶಯರೇ,

ದಲ್ಲಾಳಿಗಳ ಬಾಯಲ್ಲಿ ಪಿ.ಇ. ಎಂಬ ಮುದ್ದಿನ ಹೆಸರಿನಿಂದ ಕರೆಸಿಕೊಳ್ಳುವ, ಪತ್ರಿಕೆಯ ಷೇರು ಪುಟದಲ್ಲಿ ಬಲಗಡೆಯಿಂದ ಎರಡನೆಯ ಪೀಠವನ್ನು ಅಲಂಕರಿಸಿರುವ ತಮಗೆ, ಈ ಕ್ಲಬ್ಬಿನ ಖಜಾಂಚಿಯೂ ಮೂವತ್ತೊಂದು ವರ್ಷಗಳಿಂದ ಇದರ ಅಧಿಕೃತ ಅಳತೆಗಾರನೂ ಆದ ಕ್ಲೆಮ್ ಟ್ರೆಝೈಸ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರವಣಿಗೆಯ ಮರ್ಯಾದೆಗೆ ಮಾತ್ರ. ನನ್ನ ಎಡಮಂಡಿ ಈಗೀಗ ಅದಕ್ಕೆ ಒಪ್ಪುವುದಿಲ್ಲ. ತಾವು ಕ್ಷೇಮವೆಂದು ನಂಬಿದ್ದೇನೆ. ಯಾರು ಮುಳುಗಿದರೂ ತಾವು ಮಾತ್ರ ಕ್ಷೇಮವಾಗಿರುತ್ತೀರಿ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಈ ಪತ್ರವನ್ನು ಖಾಸಗಿಯಾಗಿ ಕಳಿಸೋಣವೆಂದರೆ ತಮ್ಮ ವಿಳಾಸ ಯಾರಿಗೂ ತಿಳಿಯದು. ನಮ್ಮ ದಲ್ಲಾಳಿಯನ್ನು ಕೇಳಿದರೆ, "ಅದು ಬರೀ ಒಂದು ಭಾಗಾಕಾರ ಕಣೋ ಕ್ಲೆಮ್, ಅದಕ್ಕೆಲ್ಲಿ ಮನೆ ಮಠ" ಎಂದುಬಿಟ್ಟ. ನಮ್ಮಿಂದ ಎಂಬತ್ತನಾಲ್ಕು ಸಾವಿರ ಡಾಲರ್ ಹಾಕಿಸುವಾಗ ಅವನು ತಮ್ಮನ್ನು ಬರೀ ಭಾಗಾಕಾರ ಎಂದಿರಲಿಲ್ಲ. ಆದಕಾರಣ ಇದನ್ನು ಕ್ಲಬ್ಬಿನ ನೋಟೀಸು ಹಲಗೆಯ ಮೇಲೆ, ಕಳೆದುಹೋದ ಟೋಪಿಯ ಪ್ರಕಟಣೆಯ ಪಕ್ಕದಲ್ಲಿ, ಬಹಿರಂಗವಾಗಿ ಚುಚ್ಚುತ್ತಿದ್ದೇನೆ. ತಮ್ಮನ್ನು ಅರಿಯದ ಪುಣ್ಯವಂತರು ಯಾರಾದರೂ ಓದಿದರೆ ಅವರಿಗಾಗಿ ಒಂದು ಮಾತು: ಒಂದು ಷೇರಿನ ಬೆಲೆಯನ್ನು, ಆ ಷೇರಿನ ಪಾಲಿಗೆ ಕಂಪನಿ ಒಂದು ವರ್ಷದಲ್ಲಿ ಗಳಿಸಿದ ಲಾಭದಿಂದ ಭಾಗಿಸಿದಾಗ ತಾವು ಅವತರಿಸುತ್ತೀರಿ. ತಾವು ಚಿಕ್ಕವರಾದರೆ ಷೇರು ಅಗ್ಗ, ದೊಡ್ಡವರಾದರೆ ದುಬಾರಿ ಎಂದು ತಮ್ಮ ಭಕ್ತರು ಹೇಳುತ್ತಾರೆ, ನಾನೂ ಹಾಗೇ ಹೇಳುತ್ತಿದ್ದೆ.

ಈಗ ನಮ್ಮ ಸಂಗತಿ. ಮಹಾಶಯರೇ, ನಮ್ಮ ಕ್ಲಬ್ಬಿಗಿರುವುದು ಒಂದೇ ಒಂದು ಹುಲ್ಲಂಗಳ, ಪಕ್ಕಪಕ್ಕದಲ್ಲಿ ಎಂಟು ಆಟ ನಡೆಯುವಂತೆ ಎಂಟು ಓಣಿಗಳದ್ದು. ಬಾವಿಯ ಉಪ್ಪುನೀರು ಕುಡಿದು ಕುಡಿದು ಆ ಹುಲ್ಲು ಸೋತುಹೋಗಿ, ಚೆಂಡು ಉರುಳಿಸಿದರೆ ಅದು ನಡುದಾರಿಯಲ್ಲಿ ಏನೋ ನೆನಪಾದಂತೆ ನಿಂತುಬಿಡುತ್ತಿತ್ತು. ಅದನ್ನು ಕಿತ್ತು ಕೃತಕ ಹುಲ್ಲಿನ ಹಸಿರು ಜಮಖಾನೆ ಹಾಸಲು ಒಂದು ಲಕ್ಷ ಹತ್ತು ಸಾವಿರ ಡಾಲರ್ ಬೇಕಿತ್ತು. ಹನ್ನೊಂದು ವರ್ಷ ರಾಫಲ್ ಚೀಟಿ ಮಾರಿ, ಭಾನುವಾರ ಸಾಸೇಜು ಸುಟ್ಟು, ಸತ್ತವರ ಮನೆಯ ಕಪಾಟು ಖಾಲಿ ಮಾಡಿಕೊಟ್ಟು ನಾವು ಕೂಡಿಸಿದ್ದು ಎಂಬತ್ತನಾಲ್ಕು ಸಾವಿರ. ಉಳಿದದ್ದು ಎರಡು ವರ್ಷದಲ್ಲಿ ತಾನಾಗಿ ಬೆಳೆಯಲಿ, ಷೇರಿಗೆ ಹಾಕೋಣ ಎಂದು ಮಹಾಸಭೆ ತೀರ್ಮಾನಿಸಿತು, ಯಾವ ಷೇರು ಎಂಬುದನ್ನು ಖಜಾಂಚಿಯ ಬುದ್ಧಿವಂತಿಕೆಗೆ ಬಿಟ್ಟಿತು. ಅಂಗಳ ಆಗದಿದ್ದರೆ ನಮಗೆ ಉಳಿಯುವ ದಾರಿ ಹದಿನಾಲ್ಕು ಕಿಲೋಮೀಟರ್ ಆಚೆಯ ವೀಲ್ ಫ್ಲಾಟ್ ಕ್ಲಬ್ಬಿನಲ್ಲಿ ವಿಲೀನವಾಗುವುದು. ವೀಲ್ ಫ್ಲಾಟಿನವರು ಪಾಸ್ಟಿಯೊಳಗೆ, ಅಂದರೆ ನಮ್ಮ ಕಾರ್ನಿಷ್ ಹಿರಿಯರು ಕಲಿಸಿಹೋದ ಒಲೆಯಲ್ಲಿ ಬೇಯಿಸಿದ ಕಡುಬಿನೊಳಗೆ, ಮಾಂಸ, ಆಲೂಗಡ್ಡೆ, ಈರುಳ್ಳಿಯ ಜೊತೆ ಕ್ಯಾರೆಟ್ ಹಾಕುವ ಜನ. ಇದಕ್ಕಿಂತ ಹೆಚ್ಚು ನಾನು ಬರೆಯುವುದು ಸಭ್ಯತೆಯಲ್ಲ.

ತಮ್ಮ ಪರಿಚಯ ನನಗಾದದ್ದು ಹೀಗೆ, ಮತ್ತು ಇಲ್ಲಿಯೇ ನಮ್ಮಂಥವರು ಮಾತ್ರ ಮಾಡಬಲ್ಲ ಒಂದು ತಪ್ಪು ನಡೆಯಿತು. ಬೌಲ್ಸ್ ಆಟದಲ್ಲಿ ಜ್ಯಾಕ್ ಎಂಬ ಬಿಳಿ ಚಿಕ್ಕ ಚೆಂಡಿಗೆ ಯಾರ ಚೆಂಡು ಅತಿ ಹತ್ತಿರವೋ ಅವರದ್ದು ಗೆಲುವು, ಅದನ್ನೇ ಶಾಟ್ ಎನ್ನುತ್ತೇವೆ. ಅನುಮಾನ ಬಂದಾಗ ಅಳತೆಗಾರ ಜೇಬಿನಿಂದ ಟೇಪು ತೆಗೆದು, ಮಂಡಿಯೂರಿ ಅಳೆದು, ಚಿಕ್ಕ ಅಂಕಿಯನ್ನು ಕೂಗುತ್ತಾನೆ. ಅವನು ಕೂಗಿದ ಮೇಲೆ ಯಾರೂ ಮರುಮಾತು ಆಡುವಂತಿಲ್ಲ, ಆಡಿದರೆ ಅದು ಅವನ ಮುಖದ ಮೇಲೆ ಉಗಿದಂತೆ. ಅಷ್ಟೂ ವರ್ಷ ಚಿಕ್ಕ ಅಂಕಿಗೆ ಗೆಲುವು ಕೊಟ್ಟು ಕೊಟ್ಟು ನನ್ನ ಕಣ್ಣಿಗೆ ಅದೇ ರೂಢಿಯಾಗಿತ್ತು. ಎರಡು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ ಪತ್ರಿಕೆಯ ಹಣಕಾಸು ಕಂಪನಿಗಳ ಸಾಲಿನ ಮೇಲೆ ಬೆರಳಾಡಿಸುತ್ತ ಬಂದೆ: ಹದಿನೆಂಟು, ಇಪ್ಪತ್ತು, ಹದಿನಾರು, ಇಪ್ಪತ್ತೊಂದು. ಅವುಗಳ ನಡುವೆ ಮಟನ್‌ಬರ್ಡ್ ಅಸೆಟ್ ಮ್ಯಾನೇಜ್‌ಮೆಂಟ್ ಕಂಪನಿಯ ಎದುರು ತಾವು ಏಳು ಎಂಬ ರೂಪದಲ್ಲಿ, ಕೈಕಟ್ಟಿಕೊಂಡು, ಬಲು ವಿನಯದಿಂದ ಕುಳಿತಿದ್ದಿರಿ. ನಾನು ಸಭೆಯಲ್ಲಿ ಎದ್ದು ನಿಂತು, "ಏಳು. ಶಾಟ್ ನಮ್ಮದು" ಎಂದು ಅಂಗಳದ ದನಿಯಲ್ಲಿ ಕೂಗಿದೆ. ಎಲ್ಲರೂ ಬೌಲ್ಸ್ ಆಡುವವರೇ ಆದ್ದರಿಂದ ಒಬ್ಬರೂ ಏನು, ಏಕೆ ಎನ್ನದೆ ಚಪ್ಪಾಳೆ ತಟ್ಟಿದರು.

ಒಬ್ಬಳು ಮಾತ್ರ ತಟ್ಟಲಿಲ್ಲ. ಮೆರ್ಲ್ ಪೆನ್‌ಬರ್ತಿ ಎಂಬಾಕೆ ಮೂವತ್ತು ವರ್ಷ ಬಂದರಿನ ಬೀದಿಯಲ್ಲಿ ಪಾಸ್ಟಿ ಅಂಗಡಿ ನಡೆಸಿದವಳು, ಅಲ್ಲಿಯವರೆಗೆ ಹತ್ತೊಂಬತ್ತು ವರ್ಷ ಜೋಡಿ ಆಟದಲ್ಲಿ ನನ್ನ ಜೊತೆಗಾತಿಯಾಗಿದ್ದವಳು. ಆಕೆ ಕಂಪನಿಯ ವಾರ್ಷಿಕ ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು, ಅದೂ ಅಂಚೆಯಲ್ಲಿ ತರಿಸಿಕೊಂಡ ಕಾಗದದ ಪ್ರತಿ, ಪೆನ್ಸಿಲಿನಲ್ಲಿ ಗೀಟು ಹಾಕಿದ್ದು. "ಕ್ಲೆಮ್, ಒಂದು ನಿಮಿಷ ತಡಿ. ಇವರ ಕಸುಬು ಬೇರೆಯವರ ದುಡ್ಡು ನೋಡ್ಕೊಳ್ಳೋದು. ಅದಕ್ಕೆ ವರ್ಷಕ್ಕಿಷ್ಟು ಅಂತ ಸಾದಾ ಶುಲ್ಕ ಬರತ್ತೆ, ಅದು ದಿನಾ ಬರೋ ಗಿರಾಕಿ ಇದ್ದ ಹಾಗೆ. ಮಾರುಕಟ್ಟೆಗಿಂತ ಜಾಸ್ತಿ ಬೆಳೆಸಿದ್ರೆ ಗೆಲುವಿನ ಶುಲ್ಕ ಅಂತ ಇನ್ನೊಂದು. ಹೋದ ವರ್ಷ ಒಂದು ಷೇರಿಗೆ ಒಂದು ಡಾಲರ್ ಇಪ್ಪತ್ತು ಸೆಂಟು ಗಳಿಸಿದಾರೆ ನಿಜ. ಅದರಲ್ಲಿ ಎಂಬತ್ತು ಸೆಂಟು ಗೆಲುವಿನ ಶುಲ್ಕ ಕಣಯ್ಯ, ಅವರು ಗಿರಾಕಿಗಳ ದುಡ್ಡು ಹಾಕಿದ್ದ ಲಿಥಿಯಂ ಗಣಿ ಷೇರು ಏರಿತಲ್ಲ ಅದರದ್ದು. ಅದನ್ನ ತೆಗೆದುಬಿಟ್ರೆ ಉಳಿಯೋದು ನಲವತ್ತು ಸೆಂಟು. ಎಂಟು ಡಾಲರ್ ನಲವತ್ತಕ್ಕೆ ಕೊಂಡ್ರೆ ನಿನ್ನ ಏಳು ಏಳಲ್ಲ, ಇಪ್ಪತ್ತೊಂದು" ಎಂದಳು.

ಮಾನ್ಯರೇ, ತಮ್ಮ ಗೌರವ ಕಾಪಾಡಲು ನಾನೇನು ಮಾಡಿದೆನೆಂಬುದನ್ನು ದಯವಿಟ್ಟು ಗಮನಿಸಿರಿ. ಡೆಸ್ ಟಾಂಕಿನ್ ಎಂಬ ನಮ್ಮ ಹುಲ್ಲು ಕತ್ತರಿಸುವವ "ಅವಳು ಹೇಳೋದು ಸ್ವಲ್ಪ ಕೇಳೋಣ" ಎನ್ನುತ್ತಿದ್ದಾಗಲೇ ನಾನು ಕೈಯೆತ್ತಿ, "ಮೆರ್ಲ್, ಅಳತೆ ಆಗಿದೆ. ಪಾಸ್ಟಿಗೆ ಎಷ್ಟು ಉಪ್ಪು ಅಂತ ನಾನು ನಿನಗೆ ಹೇಳಿಕೊಡ್ತೀನಾ" ಎಂದೆ. ಸಭೆ ನಕ್ಕಿತು. ಆಕೆ ನಗಲಿಲ್ಲ. "ಅಂಗಡಿ ಮಾರಿದ ವರ್ಷ ನಾನು ಕಾರ್ನಿಷ್ ಹಬ್ಬ ಮುಗಿದ ಮಾರನೇ ವಾರ ಮಾರಿದ್ದು. ಅಡಿಲೇಡಿನವನೊಬ್ಬ ಬಂದು ಹಬ್ಬದ ವಾರದ ವ್ಯಾಪಾರ ನೋಡಿ, ಅದನ್ನೇ ಐವತ್ತೆರಡರಿಂದ ಗುಣಿಸಿ ಬೆಲೆ ಕೊಟ್ಟ. ನಾನೂ ಬಾಯಿ ಮುಚ್ಕೊಂಡು ತಗೊಂಡೆ. ಇವತ್ತು ಅದೇ ಅಡಿಲೇಡಿನವನನ್ನ ಎದುರಿಗೆ ನೋಡ್ತಾ ಇದೀನಿ" ಎಂದು ಹೇಳಿ, ವರದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಅದಾದ ಮೇಲೆ ಆಕೆ ನನ್ನ ಜೊತೆ ಜೋಡಿ ಆಡಲಿಲ್ಲ. ಎದುರಿಗೆ ಸಿಕ್ಕರೆ "ಮಿಸ್ಟರ್ ಟ್ರೆಝೈಸ್" ಎನ್ನುತ್ತಿದ್ದಳು. ನಮ್ಮ ಊರಲ್ಲಿ ಮಿಸ್ಟರ್ ಎನ್ನುವುದು ತೆರಿಗೆಯವರಿಗೆ ಮತ್ತು ಶವಪೆಟ್ಟಿಗೆ ಮಾಡುವವನಿಗೆ ಮಾತ್ರ.

ಹತ್ತು ಸಾವಿರ ಷೇರು ಕೊಂಡೆವು. ಮೊದಲ ಆರು ತಿಂಗಳು ತಮ್ಮ ಕೃಪೆಯಿಂದ ನನ್ನ ನಡಿಗೆಯೇ ಬೇರೆಯಾಗಿತ್ತು ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಲಾಭಾಂಶವೆಂದು ಮೂರು ಸಾವಿರ ಡಾಲರ್ ಬಂದು ಕ್ಲಬ್ಬಿನ ಅಡುಗೆಮನೆಗೆ ಹೊಸ ಫ್ರಿಜ್ ಆಯಿತು, ಅದರ ಮೇಲೆ ನನ್ನ ಹೆಸರು ಬರೆಸಬೇಕೆಂಬ ಮಾತು ಕೂಡ ಎದ್ದಿತ್ತು. ಬೇಡ ಬೇಡ ಎಂದು ನಾನು ಎರಡು ಸಲ ಮಾತ್ರ ಹೇಳಿದೆ. ಆಮೇಲೆ ಲಿಥಿಯಂ ಬಿದ್ದಿತು. ಬಿದ್ದದ್ದನ್ನು ಕಂಡ ಲಿಂಡನ್ ಸ್ಟ್ರೇಕ್ ಎಂಬ ಅವರ ಹಣ ಬೆಳೆಸುವ ಮಾಂತ್ರಿಕ, ವೈನ್ ಮಾಡುವ ಹಂಬಲ ಇದ್ದಕ್ಕಿದ್ದಂತೆ ಬಂದು, ಕಂಪನಿ ಬಿಟ್ಟು ದ್ರಾಕ್ಷಿ ತೋಟ ಸೇರಿದ. ಅವನ ಹಿಂದೆಯೇ ಹಣ ಇಟ್ಟವರು ಒಬ್ಬೊಬ್ಬರಾಗಿ ಬಾಗಿಲು ತೆರೆದು ಹೊರಟರು. ಹಣ ಹೊರಟರೆ ಸಾದಾ ಶುಲ್ಕವೂ ಹೊರಟಿತು, ಗೆಲುವಿನ ಶುಲ್ಕದ ಸುದ್ದಿಯೇ ಇಲ್ಲ. ಮರುವರ್ಷದ ಆಗಸ್ಟಿನಲ್ಲಿ ಪ್ರಕಟಿಸಿದ ಲೆಕ್ಕದಂತೆ ಒಂದು ಷೇರಿನ ಪಾಲಿಗೆ ಗಳಿಸಿದ್ದು ಹದಿನೆಂಟು ಸೆಂಟು. ಬೆಲೆ ಇಳಿಯುತ್ತ ಇಳಿಯುತ್ತ ಈ ವರ್ಷದ ಚಳಿಗಾಲಕ್ಕೆ, ಅಂದರೆ ನಮ್ಮಲ್ಲಿ ಜುಲೈಗೆ, ನಾಲ್ಕು ಡಾಲರ್ ಹದಿನಾಲ್ಕು ಸೆಂಟಿಗೆ ಬಂದು ನಿಂತಿತು.

ತಮ್ಮ ಪ್ರತಿಭೆಗೆ ನಾನು ನಿಜವಾಗಿ ತಲೆಬಾಗಿದ್ದು ಆಗಲೇ. ಷೇರು ಎಂಟು ಡಾಲರ್ ನಲವತ್ತಿದ್ದಾಗ ಅಗ್ಗ ಎಂದಿರಿ. ಅದು ಅರ್ಧಕ್ಕಿಂತ ಕೆಳಗೆ ಬಿದ್ದು, ನಮ್ಮ ಎಂಬತ್ತನಾಲ್ಕು ಸಾವಿರ ನಲವತ್ತೊಂದು ಸಾವಿರದ ನಾನೂರಾದಾಗ, ಅದೇ ಪೀಠದಲ್ಲಿ ಅದೇ ಮುಖಭಾವದಿಂದ ಇಪ್ಪತ್ತಮೂರು ಎಂಬ ಅಂಕಿ ಧರಿಸಿ ಕುಳಿತು, ಈಗ ದುಬಾರಿಯಾಯಿತು ಎಂದಿರಿ. ಕೊಳ್ಳುವಾಗ ಇಲ್ಲದ ಈ ಎಚ್ಚರಿಕೆ ಕಳೆದುಕೊಂಡ ಮೇಲೆ ಎಲ್ಲಿಂದ ಬಂದಿತು, ಇಷ್ಟು ದಿನ ಅದನ್ನು ಯಾವ ಪೆಟ್ಟಿಗೆಯಲ್ಲಿ ಇಟ್ಟಿದ್ದಿರಿ ಎಂದು ಕೇಳುವ ಧೈರ್ಯ ನನಗಿಲ್ಲ. ನನ್ನ ಹೆಂಡತಿಯ ಅಣ್ಣನೊಬ್ಬ ಹೀಗೆಯೇ, ಕಾರು ಗುದ್ದಿದ ಮೇಲೆ ಬ್ರೇಕು ಹಿಡಿಯಬೇಕಿತ್ತು ಎನ್ನುತ್ತಾನೆ. ಅವನನ್ನು ನಾವು ಹಬ್ಬಕ್ಕೆ ಕರೆಯುವುದಿಲ್ಲ, ತಮ್ಮನ್ನಾದರೋ ಪ್ರತಿದಿನ ಮನೆಗೆ ತರಿಸಿಕೊಳ್ಳುತ್ತೇವೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬಿನ್ನಹಗಳು. ಇನ್ನು ಮುಂದೆ ತಾವು ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವಾಗ, ತಮ್ಮ ಹೊಟ್ಟೆಯೊಳಗಿರುವ ಗಳಿಕೆ ಯಾವ ವರ್ಷದ್ದು, ಅದರಲ್ಲಿ ದಿನದ ಅನ್ನವೆಷ್ಟು, ಹಬ್ಬದ ಊಟವೆಷ್ಟು ಎಂಬ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡು ಬರತಕ್ಕದ್ದು. ಬೇರೆಯವರ ಹಣ ನೋಡಿಕೊಳ್ಳುವ ಕಂಪನಿಗಳ ಎದುರು ನಿಲ್ಲುವಾಗಲಂತೂ, ಆ ಮನೆಯಲ್ಲಿ ಹಣ ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಎಂದು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ ಆಮೇಲೆ ಬಾಯಿ ತೆರೆಯುವುದು. ಲಾಭ ಉಬ್ಬಿದ ವರ್ಷ ತಾವು ಚಿಕ್ಕವರಾಗಿ, ಲಾಭ ಇಂಗಿದ ವರ್ಷ ದೊಡ್ಡವರಾಗುವ ಈ ಅಭ್ಯಾಸಕ್ಕೆ ಒಳ್ಳೆಯ ವೈದ್ಯರನ್ನು ಕಾಣುವುದು. ಮೇಟ್‌ಲೆಂಡ್ ಕಡೆ ಮಂಗಳವಾರ ಒಬ್ಬರು ಬರುತ್ತಾರೆ. ಅದೂ ಆಗದಿದ್ದರೆ, ಕನಿಷ್ಠ ಒಂದು ಶನಿವಾರ ನಮ್ಮ ಅಂಗಳಕ್ಕೆ ಬಂದು, ತಾವು ಕಳೆದ ನಲವತ್ತೆರಡು ಸಾವಿರದ ಆರುನೂರು ಡಾಲರಿನಷ್ಟು ಕಳೆ ಕೀಳುವುದು. ಚಹಾ ನಾವೇ ಕೊಡುತ್ತೇವೆ.

ಇಷ್ಟೆಲ್ಲ ಬರೆದರೂ ಮುಖ್ಯ ದೂರು ಇನ್ನೂ ಬಂದಿಲ್ಲ. ಈ ತಿಂಗಳ ಎರಡನೆಯ ಭಾನುವಾರ ಕ್ಲಬ್ಬಿನ ವಿಶೇಷ ಸಭೆ ಸೇರಿತು. ನಾನು ಆಗಲೇ ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ, ಯಾರಾದರೂ ಒಬ್ಬರು ಬೈದರೆ ಅದನ್ನು ಗಂಭೀರವಾಗಿ ತೆಗೆದು ಕೊಡೋಣವೆಂದು. ಯಾರೂ ಬೈಯಲಿಲ್ಲ. ಎಲ್ಲರೂ ನನಗೆ ಕುರ್ಚಿ ಎಳೆದುಕೊಟ್ಟರು, ಮಂಡಿ ಹೇಗಿದೆ ಎಂದು ವಿಚಾರಿಸಿದರು. ಇಪ್ಪತ್ತೆರಡು ಜನ ಅಷ್ಟು ಒಳ್ಳೆಯತನದಿಂದ ನನ್ನ ಮುಖ ನೋಡದೆ ಕುಳಿತಾಗ ನನಗೆ ಆದ ನಾಚಿಕೆಯನ್ನು ತಮ್ಮಂತಹ ಭಾಗಾಕಾರಕ್ಕೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತಿದ್ದೇನೆ.

ಡೆಸ್ ಎದ್ದು, "ನೋಡ್ರಪ್ಪ, ಅರ್ಧ ಬೆಲೆಗೆ ಬಂದಿದೆ ಅಂದ್ರೆ ಅಗ್ಗ ಅಂತಾನೇ ಅರ್ಥ. ಈಗ ಮಾರೋದು ಹುಚ್ಚುತನ. ವಾಪಸ್ ಏರೋವರೆಗೂ ಇಟ್ಕೊಳ್ಳೋಣ, ಅಲ್ಲಿ ತನಕ ವೀಲ್ ಫ್ಲಾಟಿನಲ್ಲಿ ಆಡ್ಕೊಂಡಿರೋಣ, ಎರಡು ವರ್ಷದ ಮಾತು" ಎಂದ. ವೀಲ್ ಫ್ಲಾಟಿನವರು ಆಗಲೇ ನಮ್ಮ ಚೆಂಡುಗಳನ್ನಿಡಲು ಒಂದು ಬೀರು ಕೂಡ ಖಾಲಿ ಮಾಡಿಟ್ಟಿದ್ದಾರಂತೆ. ಆಮೇಲೆ ಮೆರ್ಲ್ ಎದ್ದಳು, ಕೈಯಲ್ಲಿ ಅದೇ ಬಗೆಯ ಕಾಗದ. "ಒಂದು ಸಲ ಇಲ್ಲಿ ಬಾಗಿಲು ಹಾಕಿ ಅಲ್ಲಿಗೆ ಹೋದ್ರೆ ನಾವು ವಾಪಸ್ ಬರಲ್ಲ, ಅದು ನಿಮಗೂ ಗೊತ್ತು. ಅರ್ಧ ಬೆಲೆ ಅಂತೀಯಲ್ಲ ಡೆಸ್, ಆ ಕಂಪನಿ ನೋಡ್ಕೊಳ್ತಿದ್ದ ದುಡ್ಡಲ್ಲಿ ಮುಕ್ಕಾಲು ಪಾಲು ಹೊರಟುಹೋಗಿದೆ. ಮೂರು ತಿಂಗಳಿಗೊಮ್ಮೆ ಅವರೇ ಹೇಳ್ತಾರೆ, ಯಾರೂ ಓದಲ್ಲ. ಗಿರಾಕಿ ಇಲ್ಲದ ಅಂಗಡಿ ಅರ್ಧ ಬೆಲೆಗೂ ದುಬಾರಿ. ನಾಳೆನೇ ಮಾರೋಣ. ನಲವತ್ತು ಸಾವಿರಕ್ಕೆ ಎಂಟು ಓಣಿ ಆಗಲ್ಲ, ನಾಲ್ಕು ಆಗತ್ತೆ. ಜಮಖಾನೆ ಬೇಡ, ಹುಲ್ಲೇ ಹಾಕೋಣ, ಮಳೆನೀರಿಗೆ ಒಂದು ತೊಟ್ಟಿ ಇಡೋಣ, ಅಗೆಯೋದು ನಾವೇ ಅಗೆಯೋಣ. ಅರ್ಧ ಅಂಗಳ ಆದ್ರೂ ನಮ್ಮದು" ಎಂದಳು.

ಕೈಯೆತ್ತಿಸಿ ಎಣಿಸುವ ಕೆಲಸ ಖಜಾಂಚಿಯದ್ದು. ಡೆಸ್‌ನ ಕಡೆ ಹನ್ನೊಂದು, ಮೆರ್ಲ್‌ಳ ಕಡೆ ಹನ್ನೊಂದು. ಎಣಿಸುವ ಗಡಿಬಿಡಿಯಲ್ಲಿ ನಾನೇ ಕೈ ಎತ್ತಿರಲಿಲ್ಲ, ಮತ್ತು ಅದು ಇಡೀ ಸಭೆಗೆ ಒಂದೇ ಗಳಿಗೆಯಲ್ಲಿ ಹೊಳೆಯಿತು. ಮಾನ್ಯರೇ, ಆ ಕ್ಷಣದಲ್ಲಿ ನನಗೆ ತಮ್ಮ ಇಪ್ಪತ್ತಮೂರು ನೆನಪಿತ್ತು. ಅದನ್ನು ತೋರಿಸಿ, ಪಿ.ಇ. ಈಗ ದುಬಾರಿ ಎನ್ನುತ್ತಿದೆ, ಆದ್ದರಿಂದ ಮಾರೋಣ ಎಂದು ಘನತೆಯಿಂದ ಹೇಳಿ, ತಪ್ಪನ್ನು ಒಪ್ಪಿಕೊಳ್ಳದೆಯೇ ಸರಿಯಾದ ಕಡೆ ಸೇರಿಬಿಡಬಹುದಿತ್ತು. ಅಷ್ಟು ಸುಲಭದ ದಾರಿಯನ್ನು ತಾವು ನನಗೆ ತೆರೆದಿಟ್ಟಿದ್ದಿರಿ. ನಾನು ಅದರಲ್ಲಿ ಅರ್ಧ ಕಾಲು ಇಟ್ಟೂ ಇದ್ದೆ, ಸುಳ್ಳೇಕೆ.

ಆದರೆ ಎದುರಿಗೆ ಮೆರ್ಲ್ ಕೈಯೆತ್ತಿಕೊಂಡೇ ಕುಳಿತಿದ್ದಳು. ನಾನು, "ಎರಡು ವರ್ಷದ ಹಿಂದೆ ನಾನು ಕೂಗಿದ ಅಳತೆ ತಪ್ಪು. ಮೆರ್ಲ್ ಆವತ್ತೇ ಸರಿಯಾಗಿ ಹೇಳಿದ್ಲು. ಅವಳ ಮಾತು ಕೇಳದೆ ಅವಳನ್ನೇ ನಗೆಪಾಟಲು ಮಾಡಿದೆ. ದುಡ್ಡು ಹೋದದ್ದಕ್ಕಿಂತ ನನಗೆ ಅದೇ ಜಾಸ್ತಿ ಕೊರೀತಾ ಇದೆ. ಕ್ಷಮಿಸು ಮೆರ್ಲ್" ಎಂದೆ. ಅಳತೆಗಾರನೊಬ್ಬ ತಾನೇ ಕೂಗಿದ್ದನ್ನು ತಾನೇ ತಪ್ಪು ಎಂದದ್ದು ಈ ಕ್ಲಬ್ಬಿನ ಚರಿತ್ರೆಯಲ್ಲಿ ಇಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಚಹಾದ ಬಟ್ಟಲು ಕೆಳಗಿಟ್ಟ ಸದ್ದು ಕೇಳಿಸಿತು. ಮೆರ್ಲ್, "ಇದನ್ನ ಹೇಳೋಕೆ ಎರಡು ವರ್ಷ ಬೇಕಾಯ್ತಾ ಮುದುಕಾ. ಬೇಗ ಕೈ ಎತ್ತು, ನನ್ನ ತೋಳು ಜೋಮು ಹಿಡೀತಿದೆ" ಎಂದಳು. ನಾನು ಎರಡೂ ಕೈ ಎತ್ತಿದೆ. ಒಂದನ್ನೇ ಲೆಕ್ಕಕ್ಕೆ ಹಿಡಿದರು.

ಸೋಮವಾರ ಬೆಳಿಗ್ಗೆ ಮಾರುಕಟ್ಟೆ ತೆರೆಯುತ್ತಲೇ ಹತ್ತು ಸಾವಿರ ಷೇರೂ ಮಾರಿಯಾಯಿತು. ನನ್ನ ರಾಜೀನಾಮೆಯನ್ನು ಮೆರ್ಲ್ ಓದಿ, ಕಾಗುಣಿತ ತಿದ್ದಿ, ಒಪ್ಪಿಕೊಂಡಳು. ಮುಂದಿನ ತಿಂಗಳಿಂದ ಖಜಾಂಚಿ ಆಕೆಯೇ, ಗುದ್ದಲಿ ಹಿಡಿಯುವವನು ನಾನು. ನಿನ್ನೆಯಿಂದ ನಾಲ್ಕು ಓಣಿಗಳ ಹಳೆಯ ಹುಲ್ಲು ಕೀಳುತ್ತಿದ್ದೇವೆ, ಡೆಸ್ ಗೊಣಗುತ್ತಲೇ ಎಲ್ಲರಿಗಿಂತ ಹೆಚ್ಚು ಅಗೆದಿದ್ದಾನೆ. ವೀಲ್ ಫ್ಲಾಟಿನವರಿಗೆ ಬೀರುವನ್ನು ಮತ್ತೆ ತುಂಬಿಕೊಳ್ಳಿ ಎಂದು ಸೌಜನ್ಯದ ಪತ್ರ ಬರೆಯುವ ಕೆಲಸವನ್ನೂ ನನಗೇ ಒಪ್ಪಿಸಿದ್ದಾರೆ, ಅದನ್ನು ಇದಕ್ಕಿಂತ ಬಹಳ ಸಂತೋಷದಿಂದ ಬರೆಯಲಿದ್ದೇನೆ.

ತಮ್ಮ ಮೇಲೆ ನನಗೆ ದ್ವೇಷವಿಲ್ಲ. ತಾವು ಕೇಳಿದ್ದಕ್ಕೆ ಉತ್ತರ ಕೊಟ್ಟಿರಿ, ಕೇಳಬೇಕಾದ್ದನ್ನು ನಾನು ಕೇಳಲಿಲ್ಲ, ಕೇಳಿದವಳ ಬಾಯಿ ಮುಚ್ಚಿಸಿದೆ. ಹಾಗಿದ್ದರೂ ಒಂದು ತಪ್ಪಿಗೆ ಇಬ್ಬರು ಹೊಣೆಗಾರರಿದ್ದರೆ ಹೊರೆ ಹಗುರವೆಂದು ತಮಗೂ ಅರ್ಧ ಹೊರಿಸಿ, ಈ ಬಹಿರಂಗ ಪತ್ರವನ್ನು ಇಲ್ಲಿಗೆ ಮುಗಿಸುತ್ತಿದ್ದೇನೆ.

ಮಣ್ಣಾದ ಕೈಯಿಂದ,
ತಮ್ಮ ವಿಶ್ವಾಸಿ (ಆ ವಿಶ್ವಾಸ ಈಗ ತಮ್ಮ ಮೇಲಿಲ್ಲ, ಪದ್ಧತಿಗಾಗಿ ಬರೆದದ್ದು),
ಕ್ಲೆಮ್ ಟ್ರೆಝೈಸ್
ಖಜಾಂಚಿ, ಇನ್ನು ನಾಲ್ಕು ದಿನ ಮಾತ್ರ

ತಾ.ಕ.: ಇದನ್ನು ಹಲಗೆಗೆ ಚುಚ್ಚಲು ಗುರುವಾರ ಬೆಳಿಗ್ಗೆ ಬಂದಾಗ ಡೆಸ್ ಪತ್ರಿಕೆ ಹಿಡಿದು ನಿಂತಿದ್ದ. ಮಟನ್‌ಬರ್ಡ್ ಕಂಪನಿ ಈ ವರ್ಷದ ಫಲಿತಾಂಶ ಪ್ರಕಟಿಸಿ ನಷ್ಟ ತೋರಿಸಿದೆ, ಷೇರು ಎರಡು ಡಾಲರ್ ಮೂವತ್ತಕ್ಕೆ ಇಳಿದಿದೆ. "ಅದೇನು ಕ್ಲೆಮ್, ನಿನ್ನ ಸ್ನೇಹಿತನ ಜಾಗದಲ್ಲಿ ಅಂಕಿನೇ ಇಲ್ಲ, ಬರೀ ಒಂದು ಗೀಟಿದೆ" ಎಂದ. ಕಂಪನಿ ನಷ್ಟ ಮಾಡಿದರೆ ಲೆಕ್ಕಕ್ಕೆ ಅರ್ಥವಿಲ್ಲವಾಗಿ, ತಾವು ಹೀಗೆ ಗೀಟೆಳೆದು ಸುಮ್ಮನಾಗುತ್ತೀರಂತೆ. ಎರಡು ವರ್ಷ ತಮ್ಮ ಮಾತು ಕೇಳಿದವನಾಗಿ ಹೇಳುತ್ತೇನೆ, ಮಾನ್ಯರೇ, ತಾವು ಇಷ್ಟು ಸ್ಪಷ್ಟವಾಗಿ ಮಾತಾಡಿದ್ದು ಇದೇ ಮೊದಲು.